ಹಬ್ಬದೂಟಕ್ಕೆ ಹುಳಿಯಾದ ತೊಟ್ಟಿ

14 ಅಕ್ಟೋಬರ್ 2024, ಸೋಮವಾರ
ಬೆಂಗಳೂರು

ನಮ್ಮ ವಸತಿ ಸಮುಚ್ಚಯದಲ್ಲಿ ಮಿಕ್ಕ ಊಟದಿಂದ ಒಲೆಗೆ ಗ್ಯಾಸ್ ಮಾಡುವ ತೊಟ್ಟಿಯನ್ನು ನೋಡಿಕೊಳ್ಳುವ ಹುಡುಗ ಬೆಳಿಗ್ಗೆ ಏಳಕ್ಕೇ ಬಂದು, "ಮೇಡಂ, ಬಲೂನು ತುಂಬಿದೆ, ಆದರೆ ಒಲೆಯಲ್ಲಿ ಉರಿ ನಿಲ್ತಾ ಇಲ್ಲ" ಎಂದ. ಕೆಳಗಿಳಿಯುತ್ತಿದ್ದಂತೆಯೇ ಹುಳಿವಾಸನೆ ಮೂಗಿಗೆ ಬಡಿಯಿತು. ಬಗ್ಗಡದಲ್ಲಿ ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದಾಗ, ಏಳರ ಆಸುಪಾಸಿನಲ್ಲಿರಬೇಕಾದದ್ದು ಆರಕ್ಕಿಂತ ಕೆಳಗಿತ್ತು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ವಿಜಯದಶಮಿಯ ಊಟದಲ್ಲಿ ಮಿಕ್ಕ ಅನ್ನ, ಪಾಯಸ, ಹೋಳಿಗೆಯನ್ನೆಲ್ಲ ಎರಡು ದಿನ ಒಂದೇ ಸಮನೆ ಸುರಿದಿದ್ದಾರೆ. ಗ್ಯಾಸ್ ಸೇರುವ ಬಲೂನಿನಲ್ಲಿ ಈಗ ಉರಿಯದ ಇಂಗಾಲದ ಡೈಆಕ್ಸೈಡೇ ಹೆಚ್ಚಾಗಿ, ಉರಿಯುವ ಮೀಥೇನ್ ಕಡಿಮೆಯಾಗಿರುವುದರಿಂದ ಉರಿ ನಿಲ್ಲುತ್ತಿಲ್ಲ.

ಸಂಘದ ಹಿರಿಯರೊಬ್ಬರು, "ಇಷ್ಟೊಂದು ಊಟ ಹಾಕಿದರೂ ಉರಿಯುವ ಗ್ಯಾಸ್ ಯಾಕಮ್ಮ ಕಡಿಮೆ?" ಎಂದು ಕೇಳಿದರು. ನಿಂತಲ್ಲೇ ಉತ್ತರಿಸಲು ಆಗದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಯಿಲ್ಲದ ಆ ತೊಟ್ಟಿಯಲ್ಲಿ ಅನ್ನವನ್ನು ಒಂದೇ ಜೀವಿ ಮೀಥೇನ್ ಮಾಡುವುದಿಲ್ಲ. ಪಿಷ್ಟವನ್ನೂ ಸಕ್ಕರೆಯನ್ನೂ ಹುದುಗಿಸುವ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತ ಪ್ರೊಪಿಯಾನಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳನ್ನು ಹೊರಹಾಕುತ್ತವೆ. ಆ ಆಮ್ಲಗಳನ್ನು ಅಸಿಟೇಟ್ (ವಿನಿಗರ್‌ನಲ್ಲಿರುವ ಆಮ್ಲದ ರೂಪ) ಆಗಿ ಒಡೆಯುವ ಬ್ಯಾಕ್ಟೀರಿಯಾಗಳು ಬೇರೆ. ಅವುಗಳ ಕೆಲಸದಲ್ಲಿ ಹೈಡ್ರೋಜನ್ ಹುಟ್ಟುತ್ತದೆ, ತೊಡಕಿರುವುದೂ ಅಲ್ಲಿಯೇ. ಪ್ರಮಾಣಿತ ಸ್ಥಿತಿಯಲ್ಲಿ (ಹೈಡ್ರೋಜನ್ ಒಂದು ವಾಯುಭಾರದಷ್ಟು ಸೇರಿರುವಾಗ) ಒಂದು ಮೋಲ್, ಎಂದರೆ ಅಣುಗಳ ಒಂದು ನಿಗದಿತ ಎಣಿಕೆಯಷ್ಟು, ಪ್ರೊಪಿಯೊನೇಟನ್ನು (ಪ್ರೊಪಿಯಾನಿಕ್ ಆಮ್ಲದ ರೂಪ) ಒಡೆಯಲು ಸುಮಾರು 76 ಕಿಲೋಜೂಲ್ ಶಕ್ತಿಯನ್ನು ಹೊರಗಿನಿಂದ ಕೊಡಬೇಕು, ಅಂದರೆ ಆ ಜೀವಿ ಉಣ್ಣುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಆದರೆ ಹುಟ್ಟಿದ ಹೈಡ್ರೋಜನ್ನನ್ನು ಯಾರಾದರೂ ಕೂಡಲೇ ತೆಗೆದುಕೊಂಡು, ಅದರ ಒತ್ತಡವನ್ನು ವಾಯುಭಾರದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗಿಟ್ಟರೆ, ಅದೇ ಕ್ರಿಯೆ ತುಸು ಲಾಭದ್ದಾಗುತ್ತದೆ. ಹಾಗೆ ತೆಗೆದುಕೊಳ್ಳುವವು, ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಮಾಡುವ ಆರ್ಕಿಯಾಗಳು, ಬ್ಯಾಕ್ಟೀರಿಯಾಗಳಂತೆ ಕಂಡರೂ ಬೇರೆಯೇ ಕುಲದ ಏಕಕೋಶ ಜೀವಿಗಳು.

ಇದಕ್ಕೆ 'ಸಿಂಟ್ರೋಫಿ' ಎಂಬ ಹೆಸರಿದೆ. 'ಸಹಭೋಜನ' ಎಂದು ಕನ್ನಡಿಸಬಹುದು, ಆದರೆ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪಂಕ್ತಿಯಲ್ಲಿ ಪಕ್ಕದವರು ಎದ್ದುಹೋದರೂ ನಮ್ಮ ಎಲೆಯ ಊಟ ನಮಗುಂಟು. ಇಲ್ಲಿ ಪಕ್ಕದವರು ಉಂಡರೆ ಮಾತ್ರ ನಮ್ಮ ತುತ್ತು ಗಂಟಲಿನಿಂದ ಇಳಿಯುತ್ತದೆ.

ಈ ಸಂಬಂಧ ಎಷ್ಟು ಬಿಗಿಯೆಂದರೆ ವಿಜ್ಞಾನಿಗಳೇ ದಶಕಗಳ ಕಾಲ ಇಬ್ಬರನ್ನು ಒಬ್ಬರೆಂದು ತಿಳಿದಿದ್ದರು. ಸೂಕ್ಷ್ಮಜೀವಿ ವಿಜ್ಞಾನಿ ಬಾರ್ಕರ್ ಅವರು ಬೆಳೆಸಿದ್ದ, ಎಥನಾಲನ್ನು ಮೀಥೇನ್ ಮಾಡುವ 'ಮೆಥನೋಬ್ಯಾಸಿಲಸ್ ಓಮೆಲ್ಯಾನ್ಸ್ಕಿ' ಶುದ್ಧ ತಳಿಯೆಂದೇ ಪ್ರಸಿದ್ಧವಾಗಿತ್ತು. 1967ರಲ್ಲಿ ಬ್ರಯಾಂಟ್, ವೋಲಿನ್ ದಂಪತಿ ಮತ್ತು ವೋಲ್ಫ್ ಅದರಲ್ಲಿ ಎರಡು ಜೀವಿಗಳಿರುವುದನ್ನು ತೋರಿಸಿದರು. ಒಂದು ಎಥನಾಲನ್ನು ಒಡೆದು ಅಸಿಟೇಟ್ ಮತ್ತು ಹೈಡ್ರೋಜನ್ ಕೊಡುತ್ತಿತ್ತು. ತಾನೇ ಬಿಟ್ಟ ಹೈಡ್ರೋಜನ್ ಸುತ್ತ ಸೇರಿದರೆ ಒಂಟಿಯಾಗಿ ಸೊರಗುತ್ತಿತ್ತು. ಇನ್ನೊಂದಕ್ಕೆ ಎಥನಾಲ್ ಮುಟ್ಟಲೂ ಬಾರದು, ಹೈಡ್ರೋಜನ್ನೇ ಅದರ ಆಹಾರ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಈ ಭಾಗಕ್ಕೆ ಬಂದ ದಿನವೆಲ್ಲ ನನಗೆ ಒಂದು ಗಂಟೆ ಸಾಲುತ್ತಿರಲಿಲ್ಲ.

ನಮ್ಮ ತೊಟ್ಟಿಯಲ್ಲಿ ಕೆಟ್ಟಿರುವುದು ಈ ಜೋಡಿಯೇ. ಹುದುಗಿಸುವವು ಹಬ್ಬದ ಸಿಹಿ ಉಂಡು ನಾಗಾಲೋಟದಲ್ಲಿ ಬೆಳೆದವು. ಪ್ರೊಪಿಯೊನೇಟನ್ನು ಒಡೆಯುವವು ಇಮ್ಮಡಿಯಾಗಲು ದಿನಗಳೇ ಬೇಕು. ಆಮ್ಲ ಏರಿತು, ಹುಳಿ ಸಹಿಸದ ಆರ್ಕಿಯಾಗಳು ಮಂಕಾದವು, ಹೈಡ್ರೋಜನ್ ತೆಗೆಯುವವರಿಲ್ಲದೆ ಆಮ್ಲ ಒಡೆಯುವುದೂ ನಿಂತು ಹುಳಿ ಮತ್ತಷ್ಟು ಏರಿತು.

ಹುಡುಗ ಕೋಲಿನಿಂದ ಜೋರಾಗಿ ಕಲಕಲು ಹೊರಟಿದ್ದ, ನಾನು ತಡೆದೆ. ಹೈಡ್ರೋಜನ್ ಕೈಯಿಂದ ಕೈಗೆ ದಾಟಬೇಕಾದರೆ ಈ ಜೀವಿಗಳು ಒಂದಕ್ಕೊಂದು ಅಂಟಿಕೊಂಡಂತಿರಬೇಕು, ರಭಸದ ಕಲಕುವಿಕೆ ಆ ಗುಂಪುಗಳನ್ನು ಚದುರಿಸುತ್ತದೆ. ಈ ವಾರ ತೊಟ್ಟಿಗೆ ಒಂದು ತುತ್ತೂ ಹಾಕಬಾರದೆಂದು ಸೂಚನಾ ಫಲಕಕ್ಕೆ ಚೀಟಿ ಅಂಟಿಸಿದ್ದೇನೆ. ಹುಳಿ ಇಳಿಯಲೆಂದು ಸ್ವಲ್ಪ ಸುಣ್ಣದ ನೀರು ಬೆರೆಸಿದ್ದಾಯಿತು. ಪಕ್ಕದ ಬೀದಿಯ ಹಸುವಿನ ಕೊಟ್ಟಿಗೆಯಿಂದ ಸಂಜೆ ಎರಡು ಬಕೆಟ್ ಹಸಿ ಸಗಣಿ ತಂದು, ನೀರಿನಲ್ಲಿ ಕದಡಿ, ನಿಧಾನವಾಗಿ ಇಳಿಬಿಟ್ಟೆವು. ಸಗಣಿಯಲ್ಲಿರುವ ಇಂಥವೇ ಜೀವಿಗಳಿಂದ ಸೊರಗಿದವಕ್ಕೆ ಹೊಸ ಜೊತೆ ಸಿಗಲಿ ಎಂದು. ನಾಳೆ ಏಳಕ್ಕೆ ಮತ್ತೆ ಕಾಗದ ಅದ್ದಿ ನೋಡಬೇಕು.