ದಿಂಬಿನಿಂದ ತಲೆ ಎತ್ತು ಅಣ್ಣಾ

ಕೆಲಸಕ್ಕೆ ಸೇರುವ ಹಿಂದಿನ ದಿನ ಅಮ್ಮ ನನ್ನನ್ನು ಕುರುಡುಮಲೆಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಏನೇ ಶುರು ಮಾಡಿದರೂ ಮೊದಲು ಅಲ್ಲಿನ ಗಣಪನಿಗೆ ಒಂದು ಮಾತು ಹೇಳಿ ಬರುವುದು ರೂಢಿ. ಬೋರ್‌ವೆಲ್ ಕೊರೆಸುವಾಗಲೂ ಹೋಗಿದ್ದೆವು, ನೀರು ಬರಲಿಲ್ಲ, ಅದು ಬೇರೆ ಮಾತು. ಬಸ್ಸಿನಲ್ಲಿ ಅಮ್ಮನದು ಒಂದೇ ರಾಗ. "ಬೇರೆ ವಾರ್ಡ್ ಕೇಳೋಕೆ ಆಗಲ್ವಾ? ಐಸಿಯು ಒಳಗೆ ಹೋದವರು ವಾಪಸ್ ಬರಲ್ಲ ಅಂತಾರೆ." ನಾನು ಹೋಗುತ್ತಿರುವುದು ಪೇಷಂಟ್ ಆಗಿ ಅಲ್ಲಮ್ಮಾ, ಸ್ಟಾಫ್ ಆಗಿ ಅಂತ ನಕ್ಕೆ. ಒಳಗೊಳಗೆ ನನಗೂ ಪುಕುಪುಕು.

ಕೋಲಾರದ ಒಂದು ಖಾಸಗಿ ಆಸ್ಪತ್ರೆ. ಹೆಸರು ಬೇಡ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಮುಗಿಸಿ, ಕೌನ್ಸಿಲ್ ರಿಜಿಸ್ಟ್ರೇಶನ್ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಓದುವಾಗ ಐಸಿಯು ಪೋಸ್ಟಿಂಗ್ ಇತ್ತು ನಿಜ. ಆದರೆ ಆಗ ನಾವು ಗೋಡೆಗೆ ಒರಗಿ ನಿಂತು ಕೇಸ್ ಬರೆದುಕೊಳ್ಳುತ್ತಿದ್ದವರು, ಅಷ್ಟೇ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತೆಗೆದುಕೊಂಡಿದ್ದೆ. ಎರಡನೇ ವಾರದ ನೈಟ್ ಡ್ಯೂಟಿಗೇ ನನ್ನ ಪಾಲಿಗೆ ಎರಡು ಬೆಡ್ ಬಂತು.

ಮೊದಮೊದಲು ನನ್ನ ಭಯವೆಲ್ಲ ಶಬ್ದದ್ದು. ಮಾನಿಟರ್ ಟಿಂಗ್ ಅನ್ನುತ್ತದೆ, ಔಷಧಿಯನ್ನು ನಿಧಾನಕ್ಕೆ ರಕ್ತನಾಳಕ್ಕೆ ತಳ್ಳುವ ಇನ್ಫ್ಯೂಷನ್ ಪಂಪ್ ಕುಂಯ್ ಅನ್ನುತ್ತದೆ, ವೆಂಟಿಲೇಟರ್ ಅಂತೂ ಮನೆಗೆ ಬೆಂಕಿ ಬಿದ್ದ ಹಾಗೆ ಕೂಗಿಕೊಳ್ಳುತ್ತದೆ. ಗಾಳಿಯ ಪ್ರೆಶರ್ ಜಾಸ್ತಿ ಅಂತ ಅದು ಕೆಂಪು ದೀಪ ಹಾಕಿದಾಗಲೆಲ್ಲ ನಾನು ಡಾಕ್ಟರನ್ನು ಕೂಗೋಕೆ ಓಡುತ್ತಿದ್ದೆ. ಮೂರನೇ ಸಲ ಓಡುವಾಗ ಚೇಚಿ ಕೈ ಹಿಡಿದು ನಿಲ್ಲಿಸಿದರು. ಕೇರಳದವರು, ಹದಿನಾಲ್ಕು ವರ್ಷ ಐಸಿಯುನಲ್ಲೇ ಕಳೆದವರು, ಇಡೀ ಯೂನಿಟ್ಟಿಗೇ ಚೇಚಿ, ಅಂದರೆ ಅಕ್ಕ. "ಮೊದಲು ಪೇಷಂಟ್ ಮುಖ ನೋಡು. ಆಮೇಲೆ ಅವರಿಂದ ಮೆಷಿನ್‌ವರೆಗೆ ಪೈಪ್ ಹಿಡ್ಕೊಂಡು ಹೋಗು." ಹೋದೆ. ಪೇಷಂಟ್ ಬಾಯಲ್ಲಿನ ಟ್ಯೂಬನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದರು. ಇನ್ನೊಂದು ದಿನ ಪೈಪಿನಲ್ಲಿ ನೀರು ನಿಂತಿತ್ತು. ಮತ್ತೊಂದು ದಿನ ಕಫ, ಸಕ್ಷನ್ ಮಾಡಿ, ಅಂದರೆ ಸಣ್ಣ ಪೈಪಿನಿಂದ ಎಳೆದು ತೆಗೆದ ಮೇಲೆ ಸುಮ್ಮನಾಯಿತು. ಆ ಸಕ್ಷನ್ನೂ ಒಂದು ಸಲಕ್ಕೆ ಹತ್ತು-ಹದಿನೈದು ಸೆಕೆಂಡಿಗಿಂತ ಜಾಸ್ತಿ ಮಾಡುವ ಹಾಗಿಲ್ಲ, ಕಫದ ಜೊತೆ ಆಕ್ಸಿಜನ್ನೂ ಎಳೆದು ಬಿಡುತ್ತದೆ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ, ಗಾಬರಿಯಲ್ಲಿ ಆರಕ್ಕೇ ನಿಲ್ಲಿಸುತ್ತಿದ್ದೆ.

ಒಮ್ಮೆ ಸಿಟಿ ಸ್ಕ್ಯಾನಿಗೆ ಹೋಗುವಾಗ ಕೈಯಲ್ಲಿ ಆಂಬು ಬ್ಯಾಗ್ ಕೊಟ್ಟರು, ವೆಂಟಿಲೇಟರ್ ಬದಲು ಕೈಯಿಂದ ಒತ್ತಿ ಉಸಿರು ಕೊಡುವ ಚೀಲ. ಆರು ಸೆಕೆಂಡಿಗೆ ಒಂದು ಸಲ ಒತ್ತಬೇಕು. ಲಿಫ್ಟು ಬರೋದು ತಡ, ನನ್ನ ಅಂಗೈ ಬೆವತು ಬ್ಯಾಗು ಜಾರುತ್ತಿತ್ತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿದಾಗ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಕೂತು, ವಾರಗಟ್ಟಲೆ ಹೀಗೆ ಕೈಯಲ್ಲೇ ಚೀಲ ಒತ್ತಿ ಜನರನ್ನು ಉಳಿಸಿದರು, ಐಸಿಯು ಅನ್ನೋದು ಹುಟ್ಟಿದ್ದೇ ಆ ಕೆಲಸದಿಂದ ಅಂತ ಓದಿದ್ದೆ. ವಾರಗಟ್ಟಲೆ! ನನಗೆ ಇಪ್ಪತ್ತು ನಿಮಿಷಕ್ಕೆ ಭುಜ ಬಿದ್ದು ಹೋಗಿತ್ತು.

ಒಂದೂವರೆ ತಿಂಗಳಿಗೆ ಶಬ್ದ ಅಭ್ಯಾಸವಾಯಿತು. ಜಾಸ್ತಿಯೇ ಅಭ್ಯಾಸವಾಯಿತು ಅನ್ನಬೇಕು.

ಆ ರಾತ್ರಿ ನನ್ನ ಬೆಡ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಕಿಡ್ನಿಯಲ್ಲಿ ಶುರುವಾದ ಸೋಂಕು ರಕ್ತಕ್ಕೆ ಹೋಗಿ ಬಿಪಿ ಬಿದ್ದಿತ್ತು. ಅದನ್ನು ಎತ್ತಿ ಹಿಡಿದಿದ್ದು ನಾರ್‌ಅಡ್ರಿನಲಿನ್. 50 ಎಂಎಲ್ ಸಿರಿಂಜು, ಗಂಟೆಗೆ 8 ಎಂಎಲ್, ಶುರು ಮಾಡಿದ್ದು ರಾತ್ರಿ 11ಕ್ಕೆ. ಲೆಕ್ಕ ಹಾಕಿದೆ, ಬೆಳಗ್ಗೆ 5 ಗಂಟೆ ದಾಟುತ್ತೆ. ಒಂದು ಗಂಟೆಗೆ ಬಿಪಿ ಇಳಿಯಿತು ಅಂತ ಡಾಕ್ಟರ್ 12 ಎಂಎಲ್‌ಗೆ ಏರಿಸಲು ಹೇಳಿದರು. ಏರಿಸಿದೆ, ಚಾರ್ಟಿನಲ್ಲಿ ಬರೆದೆ. ಆದರೆ ತಲೆಯೊಳಗಿನ 5 ಗಂಟೆ ಹಾಗೇ ಉಳಿಯಿತು. ನೀವೇ ಲೆಕ್ಕ ಮಾಡಿ: ಆಗಲೇ 16 ಹೋಗಿದೆ, ಉಳಿದ 34ಕ್ಕೆ ಮೂರು ಗಂಟೆಯೂ ಬರಲ್ಲ. ನಾಲ್ಕಕ್ಕೆ ಮೊದಲೇ ಖಾಲಿ. ಏಳನೇ ಕ್ಲಾಸಿನ ಮಗು ಮಾಡುವ ಲೆಕ್ಕ.

ಮುಗಿಯುವ ಮುಂಚೆ ಪಂಪ್ ಕೂಗಿತ್ತು. ನನಗೆ ಕೇಳಿಸಿತ್ತು ಕೂಡ. ಪಕ್ಕದ ಬೆಡ್ಡಿನದು ಅಂದುಕೊಂಡೆ.

ಈ ಔಷಧಿ ರಕ್ತದಲ್ಲಿ ಎರಡು-ಮೂರು ನಿಮಿಷಕ್ಕೆ ಅರ್ಧವಾಗಿ ಬಿಡುತ್ತದೆ. ಪುಸ್ತಕದಲ್ಲಿ ಅದು ಒಂದು ಸಾಲು. ಬೆಡ್ ಪಕ್ಕ ನಿಂತು ನೋಡಿದರೆ ಮೇಲಿನ ಬಿಪಿ 104 ಇದ್ದದ್ದು 88, 76, 60 ಅಂತ ಮೆಟ್ಟಿಲು ಇಳಿಯುತ್ತದೆ. ನಾನು ಹೊಸ ಸಿರಿಂಜು ತುಂಬಿ, ಕೈ ನಡುಗಿಸಿಕೊಂಡು ಪಂಪಿಗೆ ಹಾಕಿ, ಬೇಗ ಒಳಗೆ ಹೋಗಲಿ ಅಂತ ಹಿಂದಿನಿಂದ ಒತ್ತಲು ಬೆರಳು ಇಟ್ಟಿದ್ದೆ. "ಒತ್ತಬೇಡಾ!" ಅಂತ ಚೇಚಿ ಆ ಕಡೆಯಿಂದ ಕೂಗಿದರು. ಒತ್ತಿದ್ದರೆ ಒಂದೇ ಏಟಿಗೆ ಬಿಪಿ ಇನ್ನೂರು ದಾಟಿರುತ್ತಿತ್ತು. ಅವರು ಬಂದು ಲೈನ್ ನೋಡಿ, ಪಂಪ್ ಸರಿ ಮಾಡಿ, ಡಾಕ್ಟರಿಗೆ ಹೇಳು ಅಂದರು. ಐದು ನಿಮಿಷದಲ್ಲಿ ಅಜ್ಜಿಯ ಬಿಪಿ ನೂರಕ್ಕೆ ಬಂತು. ನನ್ನ ಕಾಲು ಬೆಳಗ್ಗೆವರೆಗೂ ನೆಟ್ಟಗಾಗಲಿಲ್ಲ.

ಚೇಚಿ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆದದ್ದನ್ನು ಆದ ಹಾಗೆ ನೋಟ್ಸಿನಲ್ಲಿ ಬರೆಸಿದರು, ಸಮಯ ಸಮೇತ. ಆಮೇಲೆ ತಮ್ಮ ಬೆಡ್ಡಿಗೆ ಕರೆದುಕೊಂಡು ಹೋಗಿ ಸಿರಿಂಜು ತೋರಿಸಿದರು. ಅದರ ಮೇಲೆ ಬಿಳಿ ಪ್ಲಾಸ್ಟರ್ ತುಂಡು, ಅದರಲ್ಲಿ "ಮುಗಿಯೋದು 4.40" ಅಂತ ಪೆನ್ನಿನಲ್ಲಿ. ಅದರ ಕೆಳಗೆ ಹೊಡೆದು ಹಾಕಿದ ಎರಡು ಸಮಯ. ಸ್ಪೀಡ್ ಬದಲಾಯಿಸಿದಾಗಲೆಲ್ಲ ಸಮಯವೂ ಬದಲು. ಮುಗಿಯುವ ಮುಂಚೆಯೇ ಪಕ್ಕದ ಪಂಪಿನಲ್ಲಿ ಎರಡನೇ ಸಿರಿಂಜು ರೆಡಿ. ಎಲ್ಲಾ ಆಸ್ಪತ್ರೆಯಲ್ಲೂ ಇಷ್ಟು ಪಂಪ್ ಇರಲ್ಲ, ಇದ್ದ ಕಡೆ ಇದನ್ನು ಬಿಡಬಾರದು.

ಆಗ ಗೊತ್ತಾಯಿತು, ನಾನು ಹೆದರುತ್ತಿದ್ದದ್ದು ಕೂಗುವ ಮೆಷಿನ್ನಿಗೆ. ಹೆದರಬೇಕಾಗಿದ್ದು ಮೆಷಿನ್ ಕೂಗಿ ಹೇಳದ ಅಪಾಯಕ್ಕೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ನೋಡಿ, ಉಪ್ಪುನೀರಿನ ಆಂಪ್ಯೂಲ್ ಹಾಗೇ ಪಾಪದ್ದು. ಬೆರೆಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತು ಬಿಡುತ್ತದೆ. ಅದು ಎಲ್ಲೂ ಕೂಗಲ್ಲ.

ಇದಾದ ಮೇಲೆ ಬಂದವರು ಆ ಅಣ್ಣ. ಓಪಿ ಪಾಯ್ಸನಿಂಗ್, ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಯಾಕೆ, ಏನು ಅಂತ ಬರೆಯಲ್ಲ, ಅದು ಅವರ ಮನೆಯ ಸಂಗತಿ. ಕರೆದುಕೊಂಡು ಬಂದಾಗ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಆ ವಾಸನೆ ನನಗೆ ಹೊಸದಲ್ಲ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದ ದಿನ ಅಪ್ಪನ ಅಂಗಿಯಲ್ಲಿ ಇದೇ ವಾಸನೆ. ಶ್ರೀನಿವಾಸಪುರದ ಕಡೆಯವಳು ನಾನು, ನಮ್ಮ ದನದ ಕೊಟ್ಟಿಗೆಯ ಸೂರಿನಲ್ಲೇ ಆ ಡಬ್ಬಿಗಳು ಇರುತ್ತಿದ್ದವು.

ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್. ಅಟ್ರೋಪಿನ್ ಮೇಲೆ ಅಟ್ರೋಪಿನ್. ಎದೆಯಲ್ಲಿ ಗೊರಗೊರ ನಿಲ್ಲಬೇಕು, ಹೃದಯದ ಬಡಿತ 80 ದಾಟಬೇಕು, ಅಲ್ಲಿಯವರೆಗೆ ಕೊಡುತ್ತಲೇ ಇರಬೇಕು. ಎರಡನೇ ರಾತ್ರಿ ಅದು ಸ್ವಲ್ಪ ಜಾಸ್ತಿಯಾಗಿ ಅಣ್ಣ ಹಾಸಿಗೆ ಬಟ್ಟೆ ಕೀಳುತ್ತಾ, ಹಸುವಿಗೆ ನೀರು ಇಟ್ಟಿಲ್ಲ ಅಂತ ತೆಲುಗಿನಲ್ಲಿ ಕೂಗಾಡಿದರು. ಡೋಸ್ ಇಳಿಸಿದರು. ಮೂರನೇ ದಿನ ಬೆಳಗ್ಗೆ ನಾನು ಡ್ಯೂಟಿಗೆ ಬಂದರೆ ಅಣ್ಣ ಕಣ್ಣು ಬಿಟ್ಟು ಕಾಫಿ ಕೇಳುತ್ತಿದ್ದಾರೆ! ಮಾಸ್ಕಿನಲ್ಲಿ ಆಕ್ಸಿಜನ್, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 97, ಮಾನಿಟರ್ ತೆಪ್ಪಗಿದೆ. ಹೊರಗೆ ಹೆಂಡತಿಗೆ ಹೋಗಿ ಹೇಳೋಣ ಅಂತ ಹೊರಟಿದ್ದೆ.

ಚೇಚಿ ಬಂದು ಬೆಡ್ ಪಕ್ಕ ನಿಂತು "ತಲ ಎತ್ತು ಅಣ್ಣಾ" ಅಂದರು. ಕೇರಳದವರ ಬಾಯಲ್ಲಿ ತೆಲುಗು. ಕೋಲಾರದ ಐಸಿಯುನಲ್ಲಿ ಕನ್ನಡ ಒಂದೇ ಸಾಕಾಗಲ್ಲ. ಅಣ್ಣ ಗಲ್ಲ ಎತ್ತಿದರು, ತಲೆ ದಿಂಬು ಬಿಡಲಿಲ್ಲ. ಮತ್ತೆ ಹೇಳಿದರು, ಮತ್ತೆ ಅಷ್ಟೇ. ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಿ ಅಂದರೆ ಏಳಕ್ಕೆ ನಿಂತರು. ಚೇಚಿ ನನ್ನ ಕಡೆ ತಿರುಗಿ ಮೆಲ್ಲಗೆ, "ಸರ್‌ನ ಕರಿ. ಓಡಬೇಡ, ನಡ್ಕೊಂಡು ಹೋಗು, ಟೈಮ್ ಇದೆ."

ಈ ವಿಷ ಒಳಗೆ ಹೋದ ಕೆಲವರಿಗೆ ಒಂದು ದಿನದಿಂದ ನಾಲ್ಕು ದಿನದ ಒಳಗೆ, ಎಲ್ಲ ಸರಿಹೋಯಿತು ಅನ್ನುವಾಗಲೇ, ಕುತ್ತಿಗೆಯ ಸ್ನಾಯು ಸೋಲುತ್ತದೆ, ಅದರ ಹಿಂದೆಯೇ ಉಸಿರಾಟದ ಸ್ನಾಯು. ಇದಕ್ಕೆ ಅಟ್ರೋಪಿನ್ ಕೆಲಸ ಮಾಡಲ್ಲ. ಆಕ್ಸಿಜನ್ ಹಾಕಿರುವುದರಿಂದ ಸ್ಯಾಚುರೇಶನ್ ಕೊನೆಯವರೆಗೂ ಚೆನ್ನಾಗೇ ಕಾಣುತ್ತದೆ. ಓದಿದ್ದೆ, ಹೆಸರೂ ಗೊತ್ತಿತ್ತು, ಇಂಟರ್ಮೀಡಿಯೇಟ್ ಸಿಂಡ್ರೋಮ್. ಆದರೆ ಕಾಫಿ ಕೇಳುವ ಮನುಷ್ಯನನ್ನು ನೋಡಿ ಅದು ನೆನಪಾಗಬೇಕಲ್ಲ. ಬೆಳಗಿನ ಹೊತ್ತು, ಕೈತುಂಬ ಜನ ಇದ್ದಾಗ ಗಡಿಬಿಡಿಯಿಲ್ಲದೆ ಟ್ಯೂಬ್ ಹಾಕಿದರು. ಅದೇ ರಾತ್ರಿ ಮೂರಕ್ಕೆ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗಲೆಲ್ಲ ನಾನು ಕಿವಿಯ ಹತ್ತಿರ ಹೋಗಿ ತಲ ಎತ್ತು ಅಣ್ಣಾ ಅನ್ನುತ್ತಿದ್ದೆ. ಆರನೇ ದಿನ ದಿಂಬಿನಿಂದ ಒಂದು ಬೆರಳಷ್ಟು ಎದ್ದಿತು. ಎಂಟನೇ ದಿನ ಐದು ಎಣಿಸುವವರೆಗೆ ನಿಂತಿತು. ಟ್ಯೂಬ್ ತೆಗೆದ ಮೇಲೂ ನಾನು ಬಿಡಲಿಲ್ಲ, ಹೋದಾಗ ಬಂದಾಗ ಎತ್ತಿಸುತ್ತಿದ್ದೆ.

ವಾರ್ಡಿಗೆ ಶಿಫ್ಟ್ ಮಾಡುವ ದಿನ ಸ್ಟ್ರೆಚರ್ ಪಕ್ಕ ನಿಂತು ಅಭ್ಯಾಸಬಲದಿಂದ ಮತ್ತೆ ಕೇಳಿದೆ. ಅಣ್ಣನ ದನಿ ಇನ್ನೂ ಒಡೆದ ಗಡಿಗೆ ಹಾಗಿತ್ತು. ಈ ಸಲ ಕನ್ನಡದಲ್ಲೇ ಹೇಳಿದರು. "ಎಷ್ಟು ಸಲ ಎತ್ತಿಸ್ತೀಯಮ್ಮಾ, ಕುತ್ತಿಗೆ ನೋಯ್ತದೆ. ಮೊದಲು ಆ ಕಾಫಿ ಕೊಡ್ಸು."