ಘಟ್ಟದ ಮೇಲಿನಿಂದ ಕಡಲಿಗೆ: ಬನವಾಸಿ, ಶಿರಸಿ, ಮಿರ್ಜಾನ, ಕಾರವಾರ

ಉತ್ತರ ಕನ್ನಡದ ಚರಿತ್ರೆಯನ್ನು ನೋಡಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಭಟ್ಕಳದಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿಯುತ್ತಾರೆ. ಸಮುದ್ರ ನೋಡುವುದಕ್ಕೆ ಅದು ಒಳ್ಳೆಯ ದಾರಿಯೇ ಸರಿ. ಆದರೆ ಇಲ್ಲಿ ಕೋಟೆಗಳು ಏಕೆ ಎದ್ದವು, ಜನ ಎಲ್ಲಿಂದ ಎಲ್ಲಿಗೆ ಸರಿದರು ಎಂಬುದು ಆ ದಾರಿಯಲ್ಲಿ ಅರ್ಥವಾಗುವುದಿಲ್ಲ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಈ ನಾಲ್ಕು ನದಿಗಳು ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವುದರಿಂದ, ಸೇತುವೆಗಳಾಗುವ ಮೊದಲು ಕರಾವಳಿಯುದ್ದಕ್ಕೂ ನಡೆಯುವವನು ಪ್ರತಿ ನದಿಯ ದಡದಲ್ಲೂ ದೋಣಿ ಕಾಯಬೇಕಿತ್ತು. ಸರಕು, ಸೈನ್ಯ ಎರಡೂ ಮುಖ್ಯವಾಗಿ ಓಡಾಡಿದ್ದು ಘಟ್ಟದ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಆದ್ದರಿಂದ ಬನವಾಸಿಯಲ್ಲಿ ಆರಂಭಿಸಿ ಕಾರವಾರದಲ್ಲಿ ಮುಗಿಸಿರಿ ಎಂಬುದು ನನ್ನ ಸಲಹೆ. ಶಿರಸಿಯಲ್ಲೊಂದು, ಕುಮಟಾದಲ್ಲೊಂದು ರಾತ್ರಿ ಉಳಿದರೆ ಅವಸರವಿಲ್ಲದೆ ಆಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಉತ್ತಮ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಶಿರಸಿಯಲ್ಲಿ ಕೋಣೆ ಸಿಗುವುದು ಕಷ್ಟ. ಜಾತ್ರೆಯೇ ನಿಮ್ಮ ಉದ್ದೇಶವಲ್ಲದಿದ್ದರೆ ಆ ದಿನಗಳನ್ನು ಬಿಡಿರಿ.

ಬನವಾಸಿಗೆ ಶಿರಸಿಯಿಂದ ಬಸ್ಸುಗಳಿವೆ. ಮಧುಕೇಶ್ವರ ದೇವಸ್ಥಾನವನ್ನು ನೋಡಿದ ಬಳಿಕ ವರದಾ ನದಿಯ ದಡದವರೆಗೂ ನಡೆದುಹೋಗಿರಿ. ನದಿ ಊರನ್ನು ಮೂರು ಕಡೆಯಿಂದ ಬಳಸಿಕೊಂಡಿದೆ. ನಾಲ್ಕನೆಯ ಶತಮಾನದಲ್ಲಿ ಕದಂಬರು ಇಲ್ಲಿ ರಾಜಧಾನಿ ಮಾಡಿಕೊಂಡದ್ದಕ್ಕೆ ಅದೊಂದು ಕಾರಣವಾದರೆ, ಸುತ್ತಲಿನ ಸಮತಟ್ಟಾದ ಗದ್ದೆಬಯಲು ಇನ್ನೊಂದು. ಗಮನಿಸಬೇಕಾದದ್ದು ನೀರಿನ ದಿಕ್ಕು. ಕಡಲು ಇಷ್ಟು ಹತ್ತಿರವಿದ್ದರೂ ವರದೆ ಪಡುವಣಕ್ಕೆ ಹೋಗದೆ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಬನವಾಸಿಯ ಬಾಗಿಲು ಬಯಲುಸೀಮೆಯ ಕಡೆಗೆ ತೆರೆದಿತ್ತು ಎಂಬುದು ಇಲ್ಲಿ ನಿಂತರೆ ತಾನಾಗಿ ಹೊಳೆಯುತ್ತದೆ.

ಶಿರಸಿಗೆ ಬರುವಷ್ಟರಲ್ಲಿ ನೀರು ಮುಖ ತಿರುಗಿಸಿರುತ್ತದೆ. ಊರೊಳಗಿನ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯೂ, ಸಹಸ್ರಲಿಂಗದ ಕಲ್ಲುಗಳ ನಡುವೆ ಹರಿಯುವ ಶಾಲ್ಮಲೆಯೂ ಅರಬ್ಬೀ ಸಮುದ್ರದ ಪಾಲು. ಇಲ್ಲಿನ ಹವ್ಯಕರ ಊರುಗಳನ್ನು ನೋಡಲು ಯಾವುದಾದರೂ ಒಳದಾರಿಯಲ್ಲಿ ಸ್ವಲ್ಪ ದೂರ ನಡೆಯಬೇಕು, ಏಕೆಂದರೆ ಮುಖ್ಯ ರಸ್ತೆಗೆ ಅವು ಕಾಣುವುದಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನೀರಿರುವಲ್ಲಿ ಅಡಿಕೆ ತೋಟ, ತೋಟದ ಅಂಚಿಗೆ ಮನೆ, ಮನೆಯ ಹಿಂದೆ ಗೊಬ್ಬರಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದ ನಿಯಮದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಡಲಾಗುತ್ತಿತ್ತು ಎಂದರೆ, ಇಲ್ಲಿ ಮನೆಗಳು ಒಂದರ ಪಕ್ಕ ಒಂದು ಏಕೆ ಕೂರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಡಿಕೆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಘಟ್ಟದ ಕೆಳಗೆ ಕಾಣುವ ಕೋಟೆಯ ಕಥೆ ಈ ಬಳ್ಳಿಯಿಂದಲೇ ಶುರುವಾಗುತ್ತದೆ.

ಶಿರಸಿಗೆ ಹತ್ತಿರದ ಸೋಂದೆಯಲ್ಲಿ ಮಠಗಳಿಗೆ ಬರುವವರೇ ಹೆಚ್ಚು, ಅರಸರ ಕುರುಹುಗಳನ್ನು ಹುಡುಕುವವರು ಕಡಿಮೆ. ಇಂದಿನ ಗೋವೆಯ ಫೋಂಡಾ, ಕೇಪೆ, ಕಾಣಕೋಣಗಳವರೆಗೆ ಹಬ್ಬಿದ್ದ ಸೋಂದೆಯ ರಾಜ್ಯವನ್ನು ಹೈದರಾಲಿ 1760ರ ದಶಕದಲ್ಲಿ ಗೆದ್ದಾಗ ಅರಸು ಮನೆತನ ಪೋರ್ಚುಗೀಸರ ಆಶ್ರಯಕ್ಕೆ ಹೋಯಿತು. ಘಟ್ಟದಾಚೆಯ ಆ ಸೀಮೆಗಳು ಗೋವೆಯಲ್ಲೇ ಉಳಿದವು. ಇಂದಿನ ರಾಜ್ಯದ ಗಡಿಗೆ ಆ ಪಲಾಯನವೂ ಒಂದು ಕಾರಣ.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದ ಮೂಲಕ ಸುಮಾರು 60 ಕಿಲೋಮೀಟರ್. ರಸ್ತೆ ಅಗಲೀಕರಣ, ಗುಡ್ಡ ಜರಿತಗಳಿಂದಾಗಿ ಈ ಘಟ್ಟದಲ್ಲಿ ಸಂಚಾರ ನಿಲ್ಲಿಸಿದ್ದು ಹಲವು ಸಲ ಇದೆ. ಹೊರಡುವ ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ವಿಚಾರಿಸುವುದು ಒಳಿತು. ಹಗಲಿನಲ್ಲಿಯೇ ಇಳಿಯಿರಿ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ, ಕುಮಟಾದಲ್ಲಿ ಒಂದು ಗಿಡ ಬೆಳೆಯದಿದ್ದರೂ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು.

ಹೆಚ್ಚು ಸಮಯವನ್ನು ಮಿರ್ಜಾನಕ್ಕೆ ಇಡಿರಿ. ಕುಮಟಾದಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದಲ್ಲಿರುವ ಈ ಕೋಟೆ ಹೆದ್ದಾರಿಗೆ ಹತ್ತಿರವೇ ಇದೆ. ಚಿರೆಕಲ್ಲಿನ ಗೋಡೆಗಳ ಮೇಲೆ ಪಾಚಿ ಹತ್ತಿರುವುದರಿಂದ ಮಳೆಗಾಲದಲ್ಲಿ ಮೆಟ್ಟಿಲುಗಳು ಬಹಳ ಜಾರುತ್ತವೆ. ಒಳಗೆ ನೆರಳು ಕಡಿಮೆ, ಬಾವಿಗಳು ಆಳ, ಮಕ್ಕಳಿದ್ದರೆ ಕೈಬಿಡಬೇಡಿರಿ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಡನೆ ಸೇರಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಹೊಗಳಿಕೆಗಷ್ಟೇ ಅಲ್ಲ, ಅವರಿಗೆ ಬೇಕಾದ ಸರಕು ಆಕೆಯ ಕೈಯಲ್ಲಿತ್ತು ಎಂಬ ಲೆಕ್ಕದಿಂದಲೂ ಇರಬೇಕು. ಬುರುಜಿನ ಮೇಲೆ ನಿಂತವರಲ್ಲಿ ಅನೇಕರು ‘ಸಮುದ್ರವೇ ಕಾಣುವುದಿಲ್ಲವಲ್ಲ’ ಎಂದು ನಿರಾಶರಾಗುತ್ತಾರೆ. ಕೋಟೆಯ ಜಾಣತನ ಅಲ್ಲಿಯೇ ಇದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಭರತದ ನೀರು ಅಳಿವೆಯಿಂದ ಬಹುದೂರ ಒಳಗೆ ಏರುವುದರಿಂದ ದೋಣಿಗಳು ಒಳಬಂದು ಸರಕು ತುಂಬಿಕೊಳ್ಳಬಹುದಿತ್ತು, ಆದರೆ ಕಡಲಿನಲ್ಲಿ ನಿಂತ ಹಡಗಿನ ತೋಪಿಗೆ ಕೋಟೆ ಎಟುಕುತ್ತಿರಲಿಲ್ಲ. ಘಟ್ಟದ ದಾರಿ ಮುಗಿದು ನೀರಿನ ದಾರಿ ಆರಂಭವಾಗುವ ಜಾಗವನ್ನೇ ಆರಿಸಿ ಕಟ್ಟಿದ್ದಾರೆ.

ಅಲ್ಲಿಂದ ಗೋಕರ್ಣದ ಕಡೆಗೆ ಹೊರಳಿ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಬಹುದು. ಬೇಸಗೆಯಲ್ಲಿ ಹೋದರೆ ಪಾತಿಗಳ ಅಂಚಿನಲ್ಲಿ ಉಪ್ಪಿನ ರಾಶಿ ಕಾಣುತ್ತದೆ. ಹತ್ತಿರದ ಗಜನಿ ಗದ್ದೆಗಳಲ್ಲಿ, ಅಂದರೆ ಭರತದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗ ಬಹಳ ಕಡೆ ಸಿಗಡಿ ಸಾಕಣೆ ಬಂದಿದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಅಂಕೋಲೆಯಲ್ಲಿ ಅಷ್ಟು ಬಲವಾಗಿ ನಡೆದದ್ದಕ್ಕೆ ಜನರ ಧೈರ್ಯದ ಜೊತೆಗೆ ಮನೆಯ ಬಾಗಿಲಲ್ಲೇ ಇದ್ದ ಉಪ್ಪುನೀರೂ ಒದಗಿತು.

ಅಂಕೋಲೆಗೆ ಹೋಗುವಾಗ ಶಿರೂರಿನಲ್ಲಿ ಹೆದ್ದಾರಿ ಗುಡ್ಡಕ್ಕೂ ಗಂಗಾವಳಿಗೂ ನಡುವೆ ಇಕ್ಕಟ್ಟಿನಲ್ಲಿ ಸಾಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿಯಾದದ್ದು ಇಲ್ಲಿಯೇ. ಜೋರು ಮಳೆಯಲ್ಲಿ ಗುಡ್ಡ ಕಡಿದ ಜಾಗಗಳಲ್ಲಿ, ಚಹಾ ಕುಡಿಯುವ ನೆಪಕ್ಕೂ, ವಾಹನ ನಿಲ್ಲಿಸಬೇಡಿರಿ.

ಅಂಕೋಲೆ ದಾಟಿದಂತೆ ಬೀದಿಯ ಮಾತಿನಲ್ಲಿ ಕೊಂಕಣಿ ಹೆಚ್ಚುತ್ತದೆ. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ (ಪೋರ್ಚುಗೀಸರ ಮತವಿಚಾರಣೆಯ ನ್ಯಾಯಾಲಯ) ಆರಂಭವಾದ ಕಾಲದಲ್ಲಿ ದಕ್ಷಿಣಕ್ಕೆ ಸರಿದ ಕೊಂಕಣಿಗರ ಅನೇಕ ಕುಟುಂಬಗಳು ಈ ಕರಾವಳಿಯ ಬಂದರು ಊರುಗಳಲ್ಲಿ ನೆಲೆ ಕಂಡುಕೊಂಡವು. ಕಾರವಾರದಲ್ಲಿ ಕಾಳಿ ನದಿಯನ್ನು ದಾಟಿ ಸದಾಶಿವಗಡದ ಗುಡ್ಡವನ್ನು ಬೆಳಿಗ್ಗೆಯೇ ಹತ್ತಿರಿ. ಅಳಿವೆ, ಕೊಲ್ಲಿ, ದ್ವೀಪಗಳು ಒಟ್ಟಿಗೇ ಕಾಣುತ್ತವೆ. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ನಂತರ ಉಳಿದ ಸೇತುವೆಯ ಮೇಲೆ ಒತ್ತಡ ಹೆಚ್ಚಿದೆ, ಆದ್ದರಿಂದ ಸಮಯ ಇಟ್ಟುಕೊಂಡು ಹೊರಡಿರಿ. ದ್ವೀಪಗಳ ಮರೆಯಲ್ಲಿರುವ ಆಳವಾದ ಕೊಲ್ಲಿಯನ್ನು ನೋಡಿಯೇ 1638ರಲ್ಲಿ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಠಾಣೆ, ತೆರೆದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿಯೂ ಇಲ್ಲಿಂದ ಹತ್ತಿ ಸಾಗಿಸುವ ಆಸೆಯಿತ್ತು. ಆದರೆ 1880ರ ದಶಕದ ಕೊನೆಯಲ್ಲಿ ರೈಲು ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿದು ಮರ್ಮಗೋವೆ ಸೇರಿತು, ಹತ್ತಿಯೂ ಅದರ ಹಿಂದೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲುದಾರಿ ಇಂದಿಗೂ ಆಗಿಲ್ಲ. ಕೊಲ್ಲಿಯ ಗುಣ ಮಾತ್ರ ಮತ್ತೆ ಕೆಲಸಕ್ಕೆ ಬಂದು, ನೌಕಾನೆಲೆಗಾಗಿ ಅಂಕೋಲೆ ಮತ್ತು ಕಾರವಾರದ ನಡುವಿನ ಕಡಲತೀರದ ಹಳ್ಳಿಗಳು ಜಾಗ ಬಿಡಬೇಕಾಯಿತು. ಆ ಪ್ರದೇಶದಲ್ಲಿ ಫೋಟೋ ತೆಗೆಯಲು ಹೋಗಬೇಡಿರಿ.

ಹಿಂದಿರುಗುವವರು ಹುಬ್ಬಳ್ಳಿ ಕಡೆಯವರಾದರೆ ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೂಲಕ ಹೋಗಬಹುದು. ಲಾರಿಗಳ ಸಾಲು ಸಿಕ್ಕರೆ ತಾಳ್ಮೆ ಬೇಕು. ಸ್ವಂತ ವಾಹನವಿದ್ದು ಹಗಲು ಉಳಿದಿದ್ದರೆ ಕದ್ರಾ, ಅಣಶಿ ಘಟ್ಟ, ಜೋಯಿಡಾ ದಾರಿ ಇನ್ನೂ ಚೆನ್ನ, ಆದರೆ ನಡುವೆ ಪೆಟ್ರೋಲು ಸಿಗುವುದೆಂಬ ಭರವಸೆಯಿಡದೆ ಕಾರವಾರದಲ್ಲಿಯೇ ತುಂಬಿಸಿಕೊಂಡು ಹೊರಡಿರಿ.