ಪ್ರೆಶರ್ ವಾಷರ್: ಗನ್ ಹಿಡಿಯೋಕೆ ಮುಂಚೆ ಪ್ಲಗ್ ನೋಡಿ

ಮಳೆಗಾಲ ಮುಗಿದು, ಅಂಗಳದ ಪಾಚಿ ಕಪ್ಪಗಾಗುವ ಹೊತ್ತಿಗೆ ಪ್ರೆಶರ್ ವಾಷರ್‌ಗಳು, ಅಂದರೆ ಗನ್ನಿನಿಂದ ರಭಸದ ನೀರು ಹೊಡೆದು ತೊಳೆಯುವ ಮೆಷಿನ್‌ಗಳು, ಅಟ್ಟದಿಂದ ಇಳಿಯುತ್ತವೆ. ಎಲ್ಲರೂ ಕೇಳುವುದು "ಎಷ್ಟು ಬಾರ್?" ಅಂತ, ಅಂದರೆ ನೀರಿನ ಒತ್ತಡ ಎಷ್ಟು ಅಂತ. ಪ್ಲಗ್ ಯಾವ ಸಾಕೆಟ್‌ಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಕರೆಂಟು, ನೀರು, ಒದ್ದೆ ನೆಲದ ಮೇಲೆ ನಿಂತ ಮನುಷ್ಯ, ಮೂರೂ ಒಂದೇ ಜಾಗದಲ್ಲಿ ಸೇರುವ ಕೆಲಸ ಇದು. ಹಾಗಾಗಿ ಸ್ವಿಚ್ ಹಾಕುವ ಮುಂಚಿನ ಹತ್ತು ನಿಮಿಷವೇ ಮುಖ್ಯ.

ಮನೆ ಬಳಕೆಯ ಮೆಷಿನ್‌ಗಳು ಸಾಮಾನ್ಯವಾಗಿ 1400ರಿಂದ 2000 ವ್ಯಾಟ್. 1800 ವ್ಯಾಟಿನದು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ, ಮೋಟರ್ ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಜಗಲಿಯಲ್ಲಿ ಮೊಬೈಲ್ ಚಾರ್ಜಿಗೆ ಅಂತ ಇಟ್ಟ 6 ಆಂಪಿಯರ್ ಸಾಕೆಟ್ ಇದಕ್ಕಲ್ಲ. ಗೀಸರ್, ವಾಷಿಂಗ್ ಮೆಷಿನ್‌ಗೆ ಇರುವಂಥ ದಪ್ಪ ತೂತಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಹತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಒಣ ಕೈಯಲ್ಲಿ ಪ್ಲಗ್ ಕಿತ್ತು ನೋಡಿ. ಪಿನ್ನು ಸುಡುತ್ತಿದ್ದರೆ ಸಾಕೆಟ್ಟಿನ ಒಳಗೆ ಹಿಡಿತ ಸಡಿಲವಾಗಿದೆ ಅಂತ ಅರ್ಥ. ಸಾಕೆಟ್ ಬದಲಾಯಿಸಿ, ಟೇಪ್ ಸುತ್ತಬೇಡಿ.

ಎಂಸಿಬಿ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರುವವರು ಬಹಳ. ಕರೆಂಟು ಮಿತಿ ಮೀರಿದಾಗ ತಾನಾಗಿ ಬೀಳುವ ಈ ಸ್ವಿಚ್ ಕಾಯುವುದು ವೈರನ್ನು, ನಿಮ್ಮನ್ನಲ್ಲ. ಮೈ ಮೂಲಕ ನೆಲಕ್ಕೆ ಹರಿಯುವ ಕರೆಂಟನ್ನು ಗುರುತಿಸಿ ಕಡಿಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನ್ನುವ ಬೇರೆಯೇ ಸ್ವಿಚ್. ಬೋರ್ಡಿನಲ್ಲಿ ಅದು ಇದೆಯಾ ನೋಡಿ. ಇದ್ದರೆ ಟೆಸ್ಟ್ ಬಟನ್ ಒತ್ತಿ, ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅವತ್ತು ಪೊರಕೆಯೇ ಗತಿ. ಆದರೆ ಬಟನ್ ಒತ್ತಿದಾಗ ಬಿತ್ತು ಅಂದ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಅಂತಲ್ಲ. ಅದನ್ನು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದೇ ಹೇಳಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ಅದಕ್ಕೂ ನೀರು ಹಾಕಿ.

ಎಕ್ಸ್‌ಟೆನ್ಷನ್ ಇಲ್ಲದೇ ಮುಗಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಉದ್ದದ ಪ್ರೆಶರ್ ಪೈಪ್ ತಗೊಂಡರಾಯ್ತು. ಬೇಕೇ ಬೇಕು ಅಂದರೆ 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ವೈರು. ಅಂಗಡಿಯ ತೆಳು ಎಕ್ಸ್‌ಟೆನ್ಷನ್‌ಗಳಲ್ಲಿ ಅನೇಕವು 0.75ರವು. 20 ಮೀಟರಿನ ಅಂಥ ವೈರಿನಲ್ಲಿ 8 ಆಂಪಿಯರ್ ಹರಿದರೆ ಸುಮಾರು 60 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಬಿಡಿಸಿ ಹಾಸಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತೆ. ರೀಲಿನಲ್ಲಿ ಸುತ್ತಿಕೊಂಡೇ ಇದ್ದರೆ ಒಳಗಿನ ಸುತ್ತುಗಳು ಒಂದಕ್ಕೊಂದು ಕರಗಿ ಅಂಟಿಕೊಳ್ಳುತ್ತವೆ. 2.5ರ ವೈರಿನಲ್ಲಿ ಈ ನಷ್ಟ ಮೂರನೇ ಒಂದು ಭಾಗದಷ್ಟು. ಆದರೂ ರೀಲನ್ನು ಪೂರ್ತಿ ಬಿಚ್ಚಿ. ಪ್ಲಗ್ಗು ಸಾಕೆಟ್ಟು ಸೇರುವ ಜಾಗ ನೆಲದ ಮೇಲಿರಬಾರದು. ಕುರ್ಚಿ ಮೇಲೋ ಕಿಟಕಿ ಸರಳಿಗೋ ಎತ್ತಿ ಕಟ್ಟಿ, ಹನಿ ತಾಗದಷ್ಟು ದೂರದಲ್ಲಿ. ಮೆಷಿನ್ ಮೇಲೆ ಐಪಿಎಕ್ಸ್5 ಅಂತ ನೀರು ತಡೆಯುವ ದರ್ಜೆ ಬರೆದಿರುತ್ತೆ. ಅದು ಸಾಧಾರಣ ನೀರಿನ ಧಾರೆಗೆ ಕೊಟ್ಟ ಮಾತು, ಅದರದೇ ಗನ್ನಿನ ಧಾರೆಗಲ್ಲ.

ಇನ್ನು ನೀರು. ಪಂಪಿಗೆ ನಿಮಿಷಕ್ಕೆ 6ರಿಂದ 8 ಲೀಟರ್ ಬೇಕು. 10 ಲೀಟರ್ ಬಕೆಟ್ ಇಟ್ಟು ನಲ್ಲಿ ಪೂರ್ತಿ ತಿರುಗಿಸಿ, ಒಂದು ನಿಮಿಷದೊಳಗೆ ತುಂಬಬೇಕು. ತಾರಸಿ ಟ್ಯಾಂಕಿನಲ್ಲಿ ನೀರಿನ ಮಟ್ಟ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಬರೀ 0.3 ಬಾರ್. ಹಾಗಾಗಿ ಒಂದಂತಸ್ತಿನ ಮನೆಗಳಲ್ಲಿ ಈ ಪರೀಕ್ಷೆ ಎಷ್ಟೋ ಸಲ ಫೇಲ್. ನೀರು ಸಾಲದ ಪಂಪು ಗಾಳಿ ನುಂಗುತ್ತೆ, ಧಾರೆ ತಡೆತಡೆದು ಬರುತ್ತೆ, ಸೀಲ್‌ಗಳು ಬಿಸಿಯಾಗಿ ಸವೆಯುತ್ತವೆ. ಸೆಲ್ಫ್ ಸಕ್ಷನ್ ಇರುವ, ಅಂದರೆ ನೀರನ್ನು ತಾನೇ ಎಳೆದುಕೊಳ್ಳುವ ಮೆಷಿನ್ ಆದರೆ 200 ಲೀಟರ್ ಡ್ರಮ್ ಪಕ್ಕಕ್ಕಿಟ್ಟು ಅದರಿಂದ ಎಳೆಸಿ, ಅರ್ಧ ಗಂಟೆಗೆ ಬರುತ್ತದೆ. ಸಕ್ಷನ್ ಪೈಪನ್ನು ಮೊದಲೇ ನೀರು ತುಂಬಿಸಿ ಜೋಡಿಸಿ. ಬೆಂಗಳೂರಿನವರು ಡ್ರಮ್ಮಿಗೆ ಮಳೆನೀರು ತುಂಬಿಕೊಂಡರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ 2024ರ ಮಾರ್ಚ್‌ನಲ್ಲಿ ಹೇಳಿತ್ತು.

ಬೋರ್‌ವೆಲ್ ನೀರಾದರೆ ಇನ್‌ಲೆಟ್ಟಿನ ಪುಟ್ಟ ಜಾಲರಿಯನ್ನು ಪ್ರತಿ ಸಲ ತೆಗೆದು ತೊಳೆಯಿರಿ. ಮರಳಿನ ಒಂದು ಕಾಳು ವಾಲ್ವಿನಡಿ ಕೂತರೂ ಒತ್ತಡ ಏರುವುದಿಲ್ಲ. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ಬಿಸಿ ನೀರನ್ನು ಗಿಡದ ಬುಡಕ್ಕಲ್ಲ, ಚರಂಡಿಗೆ ಬಿಡಿ. ಹೆಚ್ಚಿನ ಮೆಷಿನ್‌ಗಳು ತಡೆಯುವುದು 40 ಡಿಗ್ರಿ ತನಕ ಅಷ್ಟೇ.

ಈಗ ಮೋಟರ್ ಹಾಕದೇ ನಲ್ಲಿ ತೆರೆದು, ನಾಝಲ್ (ಗನ್ನಿನ ತುದಿಯ ಮೂತಿ) ಇಲ್ಲದ ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಮೊದಲು ಪುಸ್ ಪುಸ್ ಅಂತ ಗಾಳಿ, ಆಮೇಲೆ ಉಗುಳು, ಕೊನೆಗೆ ಒಂದೇ ಸಮನೆ ನೀರು. ಆಮೇಲೆಯೇ ನಾಝಲ್, ಆಮೇಲೆಯೇ ಸ್ವಿಚ್. ನಾಝಲ್ಲಿಗೆ ಬಣ್ಣವಿದ್ದರೆ ಕೆಂಪನ್ನು, ಅಂದರೆ ಧಾರೆಯನ್ನು ಹರಡದೇ ಸೂಜಿಯಂತೆ ಬಿಡುವ ಸೊನ್ನೆ ಡಿಗ್ರಿಯದನ್ನು, ಡಬ್ಬಿಯಲ್ಲೇ ಬಿಡಿ. ಮನೆಯಲ್ಲಿ ಅದರ ಕೆಲಸ ಏನೂ ಇಲ್ಲ. ಕಾರಿಗೆ ಬಿಳಿ, ಸಿಮೆಂಟ್ ಅಂಗಳಕ್ಕೆ ಹಸಿರು. ಪೇಂಟಿಗೂ ಟಯರಿಗೂ 30 ಸೆಂಟಿಮೀಟರಿಗಿಂತ ಹತ್ತಿರ ಹೋಗಬೇಡಿ.

ಹವಾಯಿ ಚಪ್ಪಲಿ ಬೇಡ, ಗಮ್‌ಬೂಟ್ ಹಾಕಿ, ಕಣ್ಣಿಗೆ ಗಾಗಲ್. 100 ಬಾರಿನ ಧಾರೆ ಹತ್ತಿರದಿಂದ ತಾಗಿದರೆ ಚರ್ಮ ತೂರಿ ಒಳಗೆ ನೀರು, ಕೊಳೆ ಎರಡನ್ನೂ ತಳ್ಳುತ್ತೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ. ಅರಿಶಿನ ಹಚ್ಚಿ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ "ಹೈ ಪ್ರೆಶರ್ ನೀರು ಒಳಗೆ ಹೋಗಿದೆ" ಅಂತ ಬಾಯಿ ಬಿಟ್ಟು ಹೇಳಿ.

ಮೀಟರ್ ಬೋರ್ಡು, ಎಸಿಯ ಹೊರಗಿನ ಪೆಟ್ಟಿಗೆ, ಸೋಲಾರ್ ಪ್ಯಾನೆಲ್, ಕಾರಿನ ಎಂಜಿನ್ ಇವುಗಳ ತಂಟೆಗೆ ಹೋಗಬೇಡಿ. ಕರಾವಳಿಯ ಕೆಂಪುಕಲ್ಲಿನ ಗೋಡೆಯನ್ನೂ ಬಿಡಿ, ಪಾಚಿಯ ಜೊತೆ ಕಲ್ಲಿನ ಪುಡಿಯೂ ಇಳಿದು ಬರುತ್ತೆ. ಏಣಿ ಹತ್ತಿ ಹೆಂಚಿಗೆ ಹೊಡೆಯುವುದಂತೂ ಬೇಡವೇ ಬೇಡ, ಗನ್ನು ಹಿಂದಕ್ಕೆ ಒದೆಯುತ್ತದೆ. ಆಸಿಡ್, ಬ್ಲೀಚಿಂಗ್ ಪೌಡರ್ ಯಾವುದನ್ನೂ ಸೋಪಿನ ಬಾಟಲಿಗೆ ಹಾಕಬೇಡಿ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ.

ಮುಗಿಸುವಾಗ ಸ್ವಿಚ್ ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಒಳಗುಳಿದ ಒತ್ತಡ ಬಿಟ್ಟು, ಲಾಕ್ ಹಾಕಿ. ಆಮೇಲೆ ಕೈ ಒರೆಸಿಕೊಂಡು ಪ್ಲಗ್ ಕೀಳಿ, ಪೈಪ್ ಬಿಚ್ಚಿ. ಕೆಲಸದ ನಡುವೆ ಟ್ರಿಗರ್ ಬಿಟ್ಟಿದ್ದರೂ ಮೋಟರ್ ಆಗಾಗ ತಾನಾಗಿ ಗುರ್ ಅಂದು ನಿಲ್ಲುತ್ತಿತ್ತಾ? ಹಾಗಿದ್ದರೆ ಎಲ್ಲೋ ಒತ್ತಡ ಸೋರುತ್ತಿದೆ. ಗನ್ ಮತ್ತು ಪೈಪ್ ಸೇರುವ ಕಡೆಯ ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನು, ಮೊದಲು ನೋಡಿ. ಹರಿದಿದ್ದರೆ ಅದೇ ಅಳತೆಯದನ್ನು ತಂದು ಹಾಕಿ.